ಬ್ರೆಜಿಲ್‌ನ ಹಿಮ, ಕೈಮರದ ಜಾಮ್

ನಮ್ಮ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಗಳಲ್ಲಿ ಮುಂದಿನ ವರ್ಷ ವ್ಯಾಪಾರ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಇಲ್ಲಿನ ಮಳೆ ನೋಡಿದರೆ ಸಾಲದು, ಬ್ರೆಜಿಲ್‌ನ ಚಳಿಯನ್ನೂ ನೋಡಬೇಕು. ನಮ್ಮಲ್ಲಿ ಜೂನ್, ಜುಲೈ ಅಂದರೆ ಜಡಿಮಳೆ. ಅಲ್ಲಿ ಅದೇ ಹೊತ್ತಿಗೆ ಚಳಿಗಾಲ. ಒಂದು ರಾತ್ರಿ ಅಲ್ಲಿನ ಕಾಫಿ ತೋಟಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಹಿಮ ಕೂತರೆ ಸಾಕು, ಎಲೆ ಸುಟ್ಟ ಹಾಗೆ ಕಪ್ಪಾಗುತ್ತದೆ. ಮಾರನೇ ದಿನ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಜಾತಿಯ ಕಾಫಿ ಬೆಲೆ ಏರುತ್ತದೆ. ವಾರ ಕಳೆಯುವುದರೊಳಗೆ ನಮ್ಮೂರಿನ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಅದೇ ಮಾತು. ಇಲ್ಲಿ ತೋಟದವರು ಅಂಗಡಿಗೆ ಕಾಲಿಟ್ಟರೆ "ಚೆನ್ನಾಗಿದ್ದೀರಾ" ಅನ್ನುವುದಕ್ಕೂ ಮೊದಲು "ಏನಣ್ಣ, ಪಾರ್ಚ್‌ಮೆಂಟ್ ಎಷ್ಟಿದೆ ಇವತ್ತು" ಅನ್ನುವ ಪ್ರಶ್ನೆ ಅಂಗಡಿಯವರಿಂದ ಬರುತ್ತದೆ. ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ. ಕೇಳುವವರಿಗೆ ಗೇಣು ತೋಟವೂ ಇರುವುದಿಲ್ಲ. ಆದರೂ ಆ ಬೆಲೆ ಅವರದ್ದೂ ಹೌದು.

ತೋಟದವರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಬಟವಾಡೆ ಪುಸ್ತಕ, ಗೊಬ್ಬರದ ಬಿಲ್ಲು, ಬ್ಯಾಂಕಿನ ಬೆಳೆ ಸಾಲ, ಮಾರ್ಚ್ ಕೊನೆಯ ಓಡಾಟ. ಒಂದು ತೋಟದ ಪುಸ್ತಕ ತೆರೆದರೆ ಅರ್ಧ ಊರೇ ಅದರಲ್ಲಿ ಸಿಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಉದ್ರಿ, ಗ್ಯಾರೇಜಿನ ಬಾಕಿ, ಮಗಳ ಕಾಲೇಜು ಫೀಸು, ಛತ್ರಕ್ಕೆ ಕೊಟ್ಟ ಅಡ್ವಾನ್ಸು. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ, ಅದರ ಬೆನ್ನಿಗೇ ಕಾಫಿಯ ಇನ್ನೊಂದು ಜಾತಿ ರೊಬಸ್ಟಾ. ಕಣದಲ್ಲಿ ಕಾಫಿ ಒಣಗಿ, ಮೂಟೆ ತುಂಬಿ, ಮಾರಾಟವಾಗಿ, ದುಡ್ಡು ಕೈಗೆ ಬಂದ ಮೇಲೆ ಈ ಬಾಕಿಗಳು ಒಂದೊಂದಾಗಿ ತೀರುತ್ತವೆ. ಬೆಲೆ ಬಿದ್ದ ವರ್ಷ ತೀರುವುದಿಲ್ಲ. ಆಗ ಹಾರ್ಡ್‌ವೇರ್ ಅಂಗಡಿಯವರು ಪೇಂಟ್ ತರಿಸುವುದು ನಿಲ್ಲಿಸುತ್ತಾರೆ. ಪೇಂಟ್ ಹೊಡೆಯುವವರಿಗೆ ಕೆಲಸ ಇರುವುದಿಲ್ಲ. ಅವರ ಮನೆಯ ಹುಡುಗನ ಟ್ಯೂಷನ್ ನಿಲ್ಲುತ್ತದೆ. ಕಾಫಿ ಗಿಡವನ್ನು ಮುಟ್ಟಿಯೂ ನೋಡದ ಮನೆಗೆ ಕಾಫಿಯ ಬಿಸಿ ತಟ್ಟುವುದು ಹೀಗೆ.

ಊರು ಅಂದಾಗ ನಮಗೆ ಕಣ್ಣಿಗೆ ಕಟ್ಟುವುದು ರಸ್ತೆ, ಕಟ್ಟಡ, ಚರಂಡಿ, ಬಸ್ ಸ್ಟ್ಯಾಂಡು. ಇವೆಲ್ಲ ಊರಿನ ವಸ್ತುಗಳು. ಊರನ್ನು ನಡೆಸುವುದು ಇವುಗಳ ನಡುವಿನ ನಂಟು. ಆ ನಂಟನ್ನು ಹಿಡಿದು ಊರನ್ನು ಓದುವ ವಿದ್ಯೆಗೆ ಸಿಸ್ಟಮ್ಸ್ ಥಿಂಕಿಂಗ್ ಅಂತಲೂ, ಅದರ ಒಡಹುಟ್ಟಿದ ಇನ್ನೊಂದಕ್ಕೆ ಕಾಂಪ್ಲೆಕ್ಸಿಟಿ ವಿಜ್ಞಾನ ಅಂತಲೂ ಹೆಸರು. ಅಮೆರಿಕದ ಗಣಿತಜ್ಞ ವಾರನ್ ವೀವರ್ 1948ರಲ್ಲಿ ಒಂದು ಪ್ರಬಂಧ ಬರೆದರು. ವಿಜ್ಞಾನದ ಪ್ರಶ್ನೆಗಳನ್ನು ಅವರು ಮೂರು ಬಗೆಯಾಗಿ ವಿಂಗಡಿಸಿದರು. ಎರಡು ಮೂರು ಅಂಶಗಳಷ್ಟೇ ಇರುವ ಸರಳ ಪ್ರಶ್ನೆ ಒಂದು. ಕೋಟಿಗಟ್ಟಲೆ ಅಂಶಗಳು ತಮ್ಮ ಪಾಡಿಗೆ ತಾವು ಚದುರಿರುವುದು ಇನ್ನೊಂದು. ಗಾಳಿಯಲ್ಲಿರುವ ಅಣುಗಳ ಹಾಗೆ, ಅಲ್ಲಿ ಸರಾಸರಿ ಲೆಕ್ಕ ಸಾಕು. ಇವೆರಡರ ಮಧ್ಯೆ ಮೂರನೆಯದು. ಅಂಶಗಳು ಹತ್ತಾರು, ಆದರೆ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಇನ್ನೊಂದು ಅಲುಗುತ್ತದೆ. ನಗರ ಅನ್ನುವುದು ಈ ಮೂರನೆಯ ಬಗೆಯ ಪ್ರಶ್ನೆ ಅಂತ 1961ರಲ್ಲಿ ಗಟ್ಟಿಯಾಗಿ ಹೇಳಿದವರು ಜೇನ್ ಜೇಕಬ್ಸ್. ಅವರು ನಗರ ಯೋಜನೆ ಓದಿದವರಲ್ಲ. ನ್ಯೂಯಾರ್ಕ್‌ನ ತಮ್ಮ ಬೀದಿಯನ್ನು ದಿನವೂ ಕಣ್ಣಿಟ್ಟು ನೋಡಿದವರು. ಬೀದಿಯಲ್ಲಿ ಬೆಳಗಿಂದ ರಾತ್ರಿವರೆಗೆ ಯಾರು ಯಾವಾಗ ಓಡಾಡುತ್ತಾರೆ ಅನ್ನುವುದಕ್ಕೂ ಆ ಬೀದಿ ಸುರಕ್ಷಿತವಾಗಿರುವುದಕ್ಕೂ ನಂಟಿದೆ ಅಂತ ತೋರಿಸಿದವರು.

ನನಗೆ ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ತಡ. ಇವತ್ತು ಮಾಡಿದ್ದರ ಫಲ ಇವತ್ತೇ ಬರುವುದಿಲ್ಲ. ಮಾಡಿದ ಜಾಗದಲ್ಲೇ ಬರುವುದೂ ಇಲ್ಲ. ವರ್ಷಗಟ್ಟಲೆ ಕಳೆದ ಮೇಲೆ ಎಲ್ಲೋ ಇನ್ನೊಂದು ಕಡೆ, ಇನ್ಯಾರದ್ದೋ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಇದು ಯಾವುದರ ಫಲ ಅನ್ನುವುದೇ ಮರೆತಿರುತ್ತದೆ. ನಮ್ಮೂರಿನ ಕಳೆದ ಮೂವತ್ತು ವರ್ಷದ ಕಥೆ ಪೂರ್ತಿ ಇದೇ.

ಕಾಫಿ ಸಸಿ ನೆಟ್ಟರೆ ಕೈತುಂಬ ಫಸಲು ಸಿಗಲು ಮೂರು ನಾಲ್ಕು ವರ್ಷ ಬೇಕು. ಬೆಲೆ ಏರಿದ ವರ್ಷ ಎಲ್ಲರೂ ನೆಡುತ್ತಾರೆ. ಇಲ್ಲಿ ನೆಡುತ್ತಾರೆ, ವಿಯೆಟ್ನಾಂನಲ್ಲೂ ನೆಡುತ್ತಾರೆ, ಬ್ರೆಜಿಲ್‌ನಲ್ಲೂ ನೆಡುತ್ತಾರೆ. ಪಕ್ಕದವರು ಎಷ್ಟು ನೆಟ್ಟರು ಅನ್ನುವುದು ಯಾರಿಗೂ ಕಾಣುವುದಿಲ್ಲ. ಕಾಣುವುದು ಬೆಲೆ ಮಾತ್ರ. ಗಿಡಗಳೆಲ್ಲ ಒಟ್ಟಿಗೆ ಫಲಕ್ಕೆ ಬಂದಾಗ ಬೆಲೆ ಕುಸಿಯುತ್ತದೆ. ಆಗ ಗೊಬ್ಬರ ಹಾಕುವುದಿಲ್ಲ, ಬೇಡದ ಚಿಗುರು, ರೆಂಬೆ ಸವರುವುದಿಲ್ಲ, ಕೆಲವರು ಗಿಡವನ್ನೇ ಕಿತ್ತು ಹಾಕುತ್ತಾರೆ. ಫಸಲು ಕಡಿಮೆಯಾಗುತ್ತಾ ಹೋಗಿ ಒಂದು ದಿನ ಮತ್ತೆ ಬೆಲೆ ಏರುತ್ತದೆ. ಈ ಏರಿಳಿತಕ್ಕೆ ಯಾರೂ ಖಳನಾಯಕರಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಜಾಗದಲ್ಲಿ ಬುದ್ಧಿವಂತಿಕೆಯ ಕೆಲಸವನ್ನೇ ಮಾಡಿರುತ್ತಾರೆ. ಆದರೂ ಒಟ್ಟು ಫಲ ಎಲ್ಲರಿಗೂ ಪೆಟ್ಟು. ಬೆಲೆಯಿಂದ ನಾಟಿಗೆ, ನಾಟಿಯಿಂದ ಫಸಲಿಗೆ, ಫಸಲಿನಿಂದ ಮತ್ತೆ ಬೆಲೆಗೆ ಬರುವ ಈ ಸುತ್ತಿಗೆ ಫೀಡ್‌ಬ್ಯಾಕ್ ಅನ್ನುತ್ತಾರೆ. ಸುತ್ತಿನ ಒಳಗೆ ನಾಲ್ಕು ವರ್ಷದ ತಡ ಇದ್ದರೆ ಅದು ತೂಗಾಡದೆ ಬೇರೆ ದಾರಿಯಿಲ್ಲ.

ಮೊದಲು ಈ ತೂಗಾಟಕ್ಕೆ ತಡೆ ಇತ್ತು. 1942ರ ಕಾಯ್ದೆಯ ಕಾಲದಿಂದ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರದ್ದೂ ಸೇರುವ ಒಂದೇ ಸಂಗ್ರಹಕ್ಕೆ, ಕೊಡಬೇಕಿತ್ತು. ಮಂಡಳಿ ಮಾರಿ, ಕಂತುಕಂತಾಗಿ ದುಡ್ಡು ಕೊಡುತ್ತಿತ್ತು. ಬೆಳೆಗಾರರಿಗೆ ಅದರ ಮೇಲೆ ಸಿಟ್ಟು ಜಾಸ್ತಿಯೇ ಇತ್ತು. ದುಡ್ಡು ನಿಧಾನ, ಬೆಲೆ ಕಡಿಮೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದೇ ಪೂಲ್ ಹೊರಗಿನ ಅಲೆಯನ್ನು ಊರಿನ ಒಳಕ್ಕೆ ನೇರವಾಗಿ ಬಿಡದೆ ತಡೆದು ಹಿಡಿದಿತ್ತು ಅನ್ನುವುದನ್ನೂ ಹೇಳಬೇಕು. ಜಗತ್ತಿನ ಮಟ್ಟದಲ್ಲಿ ಕಾಫಿ ರಫ್ತಿಗಿದ್ದ ಕೋಟಾ ಒಪ್ಪಂದ 1989ರಲ್ಲಿ ಮುರಿದುಬಿತ್ತು. ನಮ್ಮಲ್ಲಿ 1992ರಿಂದ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ, 1996ಕ್ಕೆ ಪೂರ್ತಿ ಮುಕ್ತ ಮಾರಾಟ ಬಂತು. ಮಧ್ಯದಲ್ಲಿ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿತ್ತು. ಬೆಲೆ ನೆಗೆಯಿತು. ನಮ್ಮೂರಿನ ಹಿರಿಯರು ಈಗಲೂ ಆ ವರ್ಷಗಳನ್ನು ಕಾರುಗಳ ಹೆಸರು ಹಿಡಿದು ನೆನಪಿಸಿಕೊಳ್ಳುತ್ತಾರೆ.

ಆಮೇಲೆ ತಡ ತನ್ನ ಕೆಲಸ ಮಾಡಿತು. ತೊಂಬತ್ತರ ದಶಕದಲ್ಲಿ ವಿಯೆಟ್ನಾಂ ನೆಟ್ಟ ರೊಬಸ್ಟಾ ಎಲ್ಲ ಫಲಕ್ಕೆ ಬಂದು, ಆ ದೇಶ ಬ್ರೆಜಿಲ್ ನಂತರದ ಎರಡನೇ ಜಾಗಕ್ಕೆ ಏರಿತು. 2001ರ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಆ ವರ್ಷಗಳ ಪುಸ್ತಕ ತೆರೆದರೆ ಬಟವಾಡೆಯ ಸಾಲುಗಳು ಗಿಡ್ಡವಾಗುತ್ತಾ ಹೋಗುವುದು ಕಾಣುತ್ತದೆ. ಆಳುಗಳು ಕಡಿಮೆ, ಗೊಬ್ಬರ ಇಲ್ಲವೇ ಇಲ್ಲ, ಬಡ್ಡಿಯ ಕಾಲಂ ಮಾತ್ರ ಉದ್ದ. ಕಾಯಂ ಆಳುಗಳ ಮಕ್ಕಳು ತೋಟದ ಸಾಲುಮನೆ, ಅಂದರೆ ಲೈನ್ ಮನೆ ಬಿಟ್ಟು ಬೆಂಗಳೂರಿನ ಕಡೆ ಹೋದರು. ಬೆಲೆ ಸುಧಾರಿಸಿದ ಮೇಲೂ ಅವರು ವಾಪಸ್ ಬರಲಿಲ್ಲ. ಕೆಲವು ಬದಲಾವಣೆಗಳು ಹಾಗೆ, ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುವುದಿಲ್ಲ. ಇವತ್ತು ಕೊಯ್ಲಿಗೆ ಅಸ್ಸಾಂನಿಂದ ಜನ ಬರುತ್ತಿದ್ದರೆ ಅದರ ಬೇರು ಆ ವರ್ಷಗಳಲ್ಲಿದೆ.

ಅದೇ ಕಾಲದಲ್ಲಿ ತೋಟದ ಮನೆಯ ಒಂದೆರಡು ಕೋಣೆಗಳಿಗೆ ಹೊಸ ಸುಣ್ಣ ಬಿತ್ತು. ಹೋಂಸ್ಟೇ ಅನ್ನುವುದು ನಮ್ಮ ಕಡೆ ಬೇರು ಬಿಟ್ಟಿದ್ದು ಆಗ. ಕಾಫಿ ಕೈಕೊಟ್ಟಾಗ ಮನೆ ಉಳಿಸಿಕೊಳ್ಳಲು ಹುಡುಕಿದ ದಾರಿ ಅದು. ಅತಿಥಿಗಳಿಗೆ ಅಕ್ಕಿರೊಟ್ಟಿ, ಕಡುಬು ಮಾಡಿಹಾಕಿ ಮಗನ ಇಂಜಿನಿಯರಿಂಗ್ ಫೀಸು ಕಟ್ಟಿದ ಅಮ್ಮಂದಿರು ಇದ್ದಾರೆ. ಅವರ ಬಗ್ಗೆ ನನಗೆ ತುಂಬು ಗೌರವ ಇದೆ. ಆದರೆ ಸರಪಣಿಯ ಮುಂದಿನ ಕೊಂಡಿಗಳನ್ನೂ ನೋಡಿ. ಹೋಂಸ್ಟೇ ಬಂದದ್ದರಿಂದ ಉಳಿಯಲು ಜಾಗ ಸಿಕ್ಕಿತು. ಜಾಗ ಇದೆ ಅಂತ ಜನ ಬಂದರು. ಬಂದವರು ಫೋಟೊ ಹಾಕಿದರು. ಫೋಟೊ ನೋಡಿ ಇನ್ನಷ್ಟು ಜನ ಬಂದರು. ಹಾಗೆ ಬ್ರೆಜಿಲ್‌ನಲ್ಲಿ ಬಿದ್ದ ಹಿಮ, ವಿಯೆಟ್ನಾಂನ ನಾಟಿ, ನಮ್ಮ ಬೆಲೆ ಕುಸಿತ, ತೋಟದ ಮನೆಯ ಕೋಣೆ ಎಲ್ಲ ದಾಟಿ ಒಂದು ಎಳೆ ಭಾನುವಾರ ಬೆಳಗ್ಗೆ ಮುಳ್ಳಯ್ಯನಗಿರಿ ಬೆಟ್ಟಕ್ಕೆ ಹೋಗುವ ದಾರಿಯ ಕೈಮರದ ಚೆಕ್‌ಪೋಸ್ಟ್‌ನಲ್ಲಿ ಕಾರುಗಳ ಸಾಲಾಗಿ ನಿಂತಿರುತ್ತದೆ. ಬೆಂಗಳೂರಿನ ಸಂಬಳ, ಒಳ್ಳೆಯ ಹೆದ್ದಾರಿ, ಮೊಬೈಲು ಇವೆಲ್ಲ ಸೇರಿಕೊಂಡಿವೆ ನಿಜ. ಒಂದೇ ಕಾರಣಕ್ಕೆ ಯಾವುದೂ ಆಗುವುದಿಲ್ಲ. ಆದರೆ ಈ ಎಳೆಯನ್ನು ಬಿಟ್ಟು ಆ ಸಾಲನ್ನು ಟ್ರಾಫಿಕ್ ಸಮಸ್ಯೆ ಅಂತಷ್ಟೇ ಕರೆದರೆ, ಸಿಗುವ ಪರಿಹಾರವೂ ಟ್ರಾಫಿಕ್ಕಿನದ್ದೇ ಆಗಿರುತ್ತದೆ.

ರಸ್ತೆ ಅಗಲ ಮಾಡಿ ಅನ್ನುವುದು ಆ ಪರಿಹಾರ. ಅದನ್ನು ಕೇಳುವವರ ಕಷ್ಟ ನಿಜವಾದದ್ದು. ಆದರೆ ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಹೇಳಿದ್ದಾರೆ. ನಗರದ ಹೆದ್ದಾರಿಯಲ್ಲಿ ಎಷ್ಟು ಜಾಗ ಮಾಡಿಕೊಟ್ಟರೂ ದಟ್ಟಣೆಯ ಹೊತ್ತಿನಲ್ಲಿ ಅಷ್ಟೂ ತುಂಬುತ್ತದೆ. ಜಾಮ್‌ಗೆ ಹೆದರಿ ಮನೆಯಲ್ಲಿದ್ದವರು, ಬೇರೆ ಹೊತ್ತಿಗೆ ಹೋಗುತ್ತಿದ್ದವರು, ಬಸ್ಸು ಹತ್ತುತ್ತಿದ್ದವರು ಎಲ್ಲ ಆ ಜಾಗಕ್ಕೆ ಬರುತ್ತಾರೆ. ಜರ್ಮನಿಯ ಗಣಿತಜ್ಞ ಡೀಟ್ರಿಶ್ ಬ್ರೆಸ್ 1968ರಲ್ಲಿ ಇನ್ನೂ ವಿಚಿತ್ರವಾದದ್ದನ್ನು ಲೆಕ್ಕ ಹಾಕಿ ತೋರಿಸಿದರು. ಕೆಲವು ರಸ್ತೆಜಾಲಗಳಿಗೆ ಹೊಸ ರಸ್ತೆ ಒಂದನ್ನು ಸೇರಿಸಿದರೆ ಎಲ್ಲರ ಪ್ರಯಾಣವೂ ಮೊದಲಿಗಿಂತ ನಿಧಾನವಾಗಬಹುದು. ಪ್ರತಿಯೊಬ್ಬರೂ ತಮಗೆ ಹತ್ತಿರ ಅನ್ನಿಸಿದ ದಾರಿ ಹಿಡಿಯುವುದೇ ಅದಕ್ಕೆ ಕಾರಣ. ಇನ್ನು ಬೆಟ್ಟದ ರಸ್ತೆಗೆ ಕೊನೆ ಇರುವುದು ಒಂದೇ ಕಡೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಕಾರು ನಿಲ್ಲಿಸಲು ಎಷ್ಟು ಜಾಗ ಇದೆಯೋ ಅಷ್ಟೇ. ಕೆಳಗೆ ಎಷ್ಟು ಅಗಲ ಮಾಡಿದರೂ ಮೇಲೆ ಬೆಟ್ಟ ಅಗಲವಾಗುವುದಿಲ್ಲ, ಅಲ್ವಾ?

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಜಾಮ್ ಆದರೆ ಜನ ಬರುವುದು ತಾನಾಗಿಯೇ ಕಡಿಮೆಯಾಗಬೇಕಲ್ಲ, ಯಾಕೆ ಆಗುವುದಿಲ್ಲ? ಆಫೀಸಿಗೆ ಹೋಗುವ ದಾರಿಯಲ್ಲಿ ಜಾಮ್ ಆದರೆ ಮಾರನೇ ದಿನ ಅವರೇ ಬೇರೆ ದಾರಿ ನೋಡುತ್ತಾರೆ. ಕೈಮರದಲ್ಲಿ ಸಿಕ್ಕಿಹಾಕಿಕೊಂಡವರು ಮುಂದಿನ ವಾರ ಬರುವವರಲ್ಲ. ಮುಂದಿನ ವಾರದವರು ಹೊಸಬರು. ಅವರು ನೋಡಿರುವುದು ಮೋಡದ ಫೋಟೊ ಮಾತ್ರ, ಕ್ಲಚ್ ಸುಟ್ಟ ವಾಸನೆ ಅದರಲ್ಲಿ ಬರುವುದಿಲ್ಲ. ಹಾಗಾಗಿ ತಡೆಯುವ ಸುತ್ತು ದುರ್ಬಲ, ಬೆಳೆಸುವ ಸುತ್ತು ಬಲಿಷ್ಠ. ಕಷ್ಟ ಅನುಭವಿಸುವವರು ಒಬ್ಬರು, ತೀರ್ಮಾನ ಮಾಡುವವರು ಇನ್ನೊಬ್ಬರು. ದಿನಾ ಅನುಭವಿಸುವವರು ಯಾರು ಅಂದರೆ ಆ ದಾರಿಯ ಪಕ್ಕದ ಊರಿನವರು. ಹೆರಿಗೆ ನೋವಿನವರನ್ನು ಕೆಳಗೆ ಕರೆತರಬೇಕಾದವರು.

ಗಿರಿಗೆ ಹೋಗುವ ಗಾಡಿಗಳಿಗೆ ಜಿಲ್ಲಾಡಳಿತ ಈಗ ಮಿತಿ ಹಾಕಿದೆ, ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ಇದು ಸರಿಯಾದ ದಿಕ್ಕಿನ ಹೆಜ್ಜೆ ಅಂತ ನಾನು ನಂಬುತ್ತೇನೆ. ಯಾಕೆಂದರೆ ಅದು ತೀರ್ಮಾನ ಮಾಡುವ ಹೊತ್ತಿಗೇ, ಬೆಂಗಳೂರಿನ ಸೋಫಾದ ಮೇಲೆ ಕೂತಿರುವಾಗಲೇ, ಜಾಗ ಇದೆಯೋ ಇಲ್ಲವೋ ಅಂತ ಹೇಳಿಬಿಡುತ್ತದೆ. ಆದರೆ ಒಂದು ಬಾಗಿಲು ಹಾಕಿದರೆ ಗಾಡಿಗಳು ಮನೆಗೆ ತಿರುಗುತ್ತವೆ ಅಂದುಕೊಳ್ಳಬಾರದು. ದೇವರಮನೆ, ಎತ್ತಿನಭುಜದಂಥ ಬೇರೆ ಬೆಟ್ಟಗಳ ಕಡೆ ಹೊರಳಬಹುದು. ಆ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಇಡಬೇಕು.

ಬೆಟ್ಟದ ಮಾತು ಬಂದಾಗ ನೀರಿನ ಮಾತು ಬಿಡಲು ಆಗುವುದಿಲ್ಲ. ನಮ್ಮೂರಿನ ನಲ್ಲಿಗೆ ನೀರು ಬರುವುದು ಹಿರೇಕೊಳಲೆ ಕೆರೆಯಿಂದ ಮತ್ತು ಯಗಚಿಯಿಂದ. ಯಗಚಿ ಹುಟ್ಟುವುದು ನಮ್ಮದೇ ಬಾಬಾಬುಡನ್ ಗಿರಿ ಸಾಲಿನಲ್ಲಿ. ಕೆಳಗಿಳಿದು, ಬೇಲೂರಿನ ಹತ್ತಿರ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಅದೇ ನೀರನ್ನು ಪಂಪ್ ಮಾಡಿ ಮತ್ತೆ ನಮ್ಮೂರಿಗೆ ತರುತ್ತೇವೆ. ನಮ್ಮ ಬೆಟ್ಟದ ಮಳೆ ಪಕ್ಕದ ಜಿಲ್ಲೆಗೆ ಹೋಗಿ, ಕರೆಂಟಿನ ಬಿಲ್ಲು ಹೊತ್ತುಕೊಂಡು ವಾಪಸ್ ಬರುತ್ತದೆ! ಉಳಿದ ನೀರು ಹೇಮಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಹಾಗಾಗಿ ನಾವು ಮೇಲೆ ಏನು ಮಾಡಿದರೂ ಅದು ಬೇಲೂರಿನವರಿಗೂ ಹಾಸನದವರಿಗೂ ಸಂಬಂಧಪಟ್ಟದ್ದು.

ಮೇಲಿನ ಹುಲ್ಲುಗಾವಲು, ಅದರ ಮಡಿಲಿನ ಶೋಲಾ ಕಾಡು ಮಳೆಯನ್ನು ಹೀರಿ ಇಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಮುಂಗಾರು ಮುಗಿದು ಎಷ್ಟೋ ದಿನ ಆದ ಮೇಲೂ ಹಳ್ಳದಲ್ಲಿ ಸಣ್ಣಗೆ ನೀರು ಹರಿಯುವುದು ಅದರಿಂದಲೇ. ಇದೂ ಒಂದು ತಡವೇ. ಆದರೆ ಇದು ನಮ್ಮನ್ನು ಕಾಪಾಡುವ ತಡ. ಕಾಫಿ ಬೆಲೆಯ ತಡ ತೂಗಾಡಿಸುತ್ತದೆ, ಹುಲ್ಲುಗಾವಲಿನ ತಡ ತೂಗಾಟ ನಿಲ್ಲಿಸುತ್ತದೆ. ರಸ್ತೆಗೆ ಗುಡ್ಡ ಕಡಿದಾಗ, ರೆಸಾರ್ಟಿಗೆ ನೆಲ ಸಮ ಮಾಡಿದಾಗ ನಾವು ಕಳೆದುಕೊಳ್ಳುವುದು ಹಸಿರಿನ ಅಂದವನ್ನಷ್ಟೇ ಅಲ್ಲ, ಏಪ್ರಿಲ್ ತಿಂಗಳ ನೀರನ್ನು. ಮಳೆ ಬಿದ್ದ ದಿನವೇ ಎಲ್ಲ ಹರಿದು ಹೋಗುತ್ತದೆ. ಕೆಳಗೆ ರಾಜಕಾಲುವೆ ತುಂಬಿ ತಗ್ಗಿನ ಬಡಾವಣೆಗೆ ನುಗ್ಗುತ್ತದೆ, ಬೇಸಿಗೆಯಲ್ಲಿ ಅದೇ ಬಡಾವಣೆಗೆ ಟ್ಯಾಂಕರ್ ಬರುತ್ತದೆ. ಇವೆರಡೂ ಒಂದೇ ಕಾಯಿಲೆ. ಕಚೇರಿಗಳಲ್ಲಿ ಮಾತ್ರ ಎರಡು ಬೇರೆ ಬೇರೆ ಕಡತಗಳು.

ಇಷ್ಟೊತ್ತು ತೊಂದರೆಯನ್ನೇ ಹೇಳಿದೆ. ಯಾರೂ ಹೇಳಿಕೊಡದೆ ಚೆನ್ನಾಗಿ ನಡೆಯುವುದೂ ಊರಿನಲ್ಲಿ ಬೇಕಾದಷ್ಟಿದೆ. ಸಂತೆ ನೋಡಿ. ಅನೇಕ ತೋಟಗಳಲ್ಲಿ ವಾರದ ರಜೆ ಸಂತೆಯ ದಿನವೇ. ಬಟವಾಡೆ ಅದಕ್ಕೆ ಹೊಂದಿಕೊಂಡು ನಡೆಯುತ್ತದೆ. ಕೂಲಿ ಕೈಗೆ ಬಂದವರು ಬಸ್ಸು, ಜೀಪು ಹತ್ತಿ ಬರುತ್ತಾರೆ. ಬಯಲುಸೀಮೆಯ ಕಡೆಯಿಂದ ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ ಬರುತ್ತದೆ. ಮಲೆನಾಡು ಬಯಲುಸೀಮೆ ಎರಡೂ ಕೈ ಕುಲುಕುವ ಜಾಗದಲ್ಲಿ ನಮ್ಮ ಊರು ಕೂತಿದೆ, ಊರು ಇಲ್ಲಿ ಬೆಳೆದದ್ದೂ ಬಹುಶಃ ಅದಕ್ಕೇ. ಸಂಜೆ ಹೊತ್ತಿಗೆ ಸಂತೆಯೊಳಗೆ ನಿಂತು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಮಲೆನಾಡಿನ ಕಡೆಯ ಬಸ್ಸುಗಳು ಹೊರಡುವ ಹೊತ್ತು ಹತ್ತಿರ ಬಂದ ಹಾಗೆ ಬೆಲೆ ಇಳಿಯುತ್ತಾ ಹೋಗುತ್ತದೆ. ಟೊಮೆಟೊ ಮಾರುವಾಕೆ ತಕ್ಕಡಿಯನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನು ಗುಡ್ಡೆ ಮಾಡಿ, ಒಂದೊಂದು ಗುಡ್ಡೆಗೆ ರೇಟು ಕೂಗಲು ಶುರು ಮಾಡುತ್ತಾಳೆ. "ತಗೊಳ್ಳಿ ಅಕ್ಕ, ಬಸ್ಸು ಹೋದ್ರೆ ನಿಮಗೂ ಇಲ್ಲ, ನನಗೂ ಇಲ್ಲ." ಬಡವರ ಮನೆಯವರು ಆ ಹೊತ್ತಿಗೇ ಕಾದಿದ್ದು ಬರುತ್ತಾರೆ. ಬಸ್ಸಿನ ವೇಳಾಪಟ್ಟಿ ಬರೆದವರು ಟೊಮೆಟೊ ಬೆಲೆಯನ್ನು ಯೋಚಿಸಿರಲಿಕ್ಕಿಲ್ಲ. ಆದರೂ ಆ ಬಸ್ಸನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡಿದರೆ ಆ ಮನೆಗಳ ವಾರದ ಸಾರಿನ ಲೆಕ್ಕ ಬದಲಾಗುತ್ತದೆ.

ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ 1965ರಲ್ಲಿ ಇಂಥದ್ದೇ ಒಂದು ಮೂಲೆಯನ್ನು ವರ್ಣಿಸಿದ್ದಾರೆ. ಅಮೆರಿಕದ ಬರ್ಕ್ಲಿ ಊರಿನಲ್ಲಿ ಔಷಧಿ ಅಂಗಡಿ ಮುಂದೆ ಪತ್ರಿಕೆ ಜೋಡಿಸಿಟ್ಟ ಸ್ಟ್ಯಾಂಡು, ಪಕ್ಕದಲ್ಲಿ ಟ್ರಾಫಿಕ್ ಸಿಗ್ನಲ್. ಸಿಗ್ನಲ್ ಕೆಂಪಾದಾಗ ನಿಂತವರು ಪತ್ರಿಕೆ ನೋಡುತ್ತಾರೆ, ಕೆಲವರು ಕೊಳ್ಳುತ್ತಾರೆ. ಸಿಗ್ನಲ್ ಮತ್ತು ಪತ್ರಿಕೆ ಯಾವ ನಕ್ಷೆಯಲ್ಲೂ ಒಟ್ಟಿಗೆ ಬರುವುದಿಲ್ಲ, ಬೀದಿಯಲ್ಲಿ ಮಾತ್ರ ಅವು ಒಂದೇ. ನಮ್ಮ ಹನುಮಂತಪ್ಪ ವೃತ್ತದ ಸುತ್ತ ಸಂಜೆ ಹೊತ್ತು ಹೂವಿನವರು, ಆಟೋದವರು ನಿಂತುಕೊಳ್ಳುವ ರೀತಿಯಲ್ಲೂ ಇದೇ ಇದೆ. ಒತ್ತುವರಿ ತೆರವು ಅಂತ ಹೂವಿನವರನ್ನು ಎಬ್ಬಿಸಿದರೆ ಒಂದು ಮೀಟರ್ ಫುಟ್‌ಪಾತ್ ಸಿಗಬಹುದು. ರಾತ್ರಿ ಒಂಬತ್ತರ ಮೇಲೆ ಆ ಮೂಲೆಯಲ್ಲಿ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ ಇದ್ದ ಧೈರ್ಯ ಹೋಗುತ್ತದೆ. ಇದು ನನಗೆ ತುಂಬ ನೋವು ಕೊಡುವ ವಿಷಯ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಈ ವಿದ್ಯೆಯ ಹೆಸರಿನಲ್ಲಿ ಬಂದದ್ದೆಲ್ಲ ನನಗೆ ಒಪ್ಪಿಗೆ ಅಂತಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ 1969ರಲ್ಲಿ ನಗರವನ್ನು ಕಂಪ್ಯೂಟರ್ ಮಾದರಿಗೆ ಇಳಿಸಿ, ಬಡವರಿಗೆ ಅಗ್ಗದ ಮನೆ ಕಟ್ಟಿಸಿದರೆ ನಗರ ಇನ್ನೂ ಸೊರಗುತ್ತದೆ ಅನ್ನುವ ತೀರ್ಮಾನಕ್ಕೆ ಬಂದರು. ಸುತ್ತುಗಳನ್ನು ಹುಡುಕುವ ಅವರ ದಾರಿ ದೊಡ್ಡದು, ಆ ತೀರ್ಮಾನ ನನಗೆ ಸೇರುವುದಿಲ್ಲ. ಮಾದರಿಯ ಗಡಿಯನ್ನು ಎಲ್ಲಿ ಎಳೆಯುತ್ತೇವೆ ಅನ್ನುವುದರ ಮೇಲೆ ಉತ್ತರ ನಿಂತಿರುತ್ತದೆ. ಲೈನ್ ಮನೆಯನ್ನು ಗಡಿಯ ಹೊರಗಿಟ್ಟು ಕಾಫಿ ತೋಟದ ಲಾಭ ಲೆಕ್ಕ ಹಾಕಿದರೆ ಲಾಭ ಜಾಸ್ತಿಯೇ ಕಾಣುತ್ತದೆ. ಇನ್ನು 2007ರಲ್ಲಿ ವಿಜ್ಞಾನಿಗಳಾದ ಲೂಯಿಸ್ ಬೆಟೆನ್‌ಕೋರ್ಟ್, ಜೆಫ್ರಿ ವೆಸ್ಟ್ ಮತ್ತವರ ಜೊತೆಗಾರರು ನಗರಗಳ ಗಾತ್ರದ ಲೆಕ್ಕ ಕೊಟ್ಟರು. ಜನಸಂಖ್ಯೆ ದೊಡ್ಡದಾದಂತೆ ತಲಾ ರಸ್ತೆ, ತಂತಿ ಕಡಿಮೆ ಸಾಕು, ಆದರೆ ತಲಾ ಆದಾಯವೂ ಹೆಚ್ಚು, ಅಪರಾಧವೂ ಹೆಚ್ಚು. ಚೆಂದದ ಕೆಲಸ. ಆದರೆ 2011ರ ಜನಗಣತಿಯಲ್ಲಿ ಸುಮಾರು 1.18 ಲಕ್ಷ ಜನ ಇದ್ದ ನಮ್ಮೂರಿಗೆ ಪ್ರವಾಸಿಗರು ತುಂಬುವ ಶನಿವಾರ ಒಂದು ಗಾತ್ರ, ಮಂಗಳವಾರ ಇನ್ನೊಂದು. ಚರಂಡಿ, ನೀರು, ಪೌರಕಾರ್ಮಿಕರ ಸಂಖ್ಯೆ ಎಲ್ಲ ಮಂಗಳವಾರದ ಲೆಕ್ಕದಲ್ಲಿವೆ. ಸೋಮವಾರ ಬೆಳಗ್ಗೆ ಕಸ ಗುಡಿಸುವವರ ಬೆನ್ನು ಶನಿವಾರದ ಲೆಕ್ಕ ಹೊರುತ್ತದೆ.

ಈಚಿನ ವರ್ಷಗಳಲ್ಲಿ ಮತ್ತೆ ಬೆಲೆ ಏರಿತು. 2021ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿತ್ತು, ಆಮೇಲೆ ಅಲ್ಲೂ ವಿಯೆಟ್ನಾಂನಲ್ಲೂ ಮಳೆ ಕೈಕೊಟ್ಟಿತು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಹಿಂದೆಂದೂ ಕಾಣದ ಬೆಲೆ ಮುಟ್ಟಿತು. ನಾನು ನೋಡುವ ಪುಸ್ತಕಗಳಲ್ಲಿ ಹಳೇ ಸಾಲ ತೀರುತ್ತಿದೆ, ಅದು ಸಂತೋಷದ ವಿಷಯ. ಅದರ ಪಕ್ಕದ ಸಾಲಿನಲ್ಲೇ ಹೊಸ ಸಸಿ, ಹೊಸ ಕಾಟೇಜು, ಹೊಸ ಸಾಲ ಬರುತ್ತಿವೆ. ನಾಲ್ಕು ವರ್ಷ ತಡದ ಆ ಸುತ್ತು ಮತ್ತೆ ಹೊರಟಿದೆ. ಈ ಸಲ ಅದರ ಜೊತೆ ಬೆಟ್ಟದ ನೀರೂ ಪಣಕ್ಕಿದೆ.

ಇದನ್ನೆಲ್ಲ ಒಟ್ಟಿಗೆ ನೋಡುವವರು ಯಾರು? ರಸ್ತೆ ಲೋಕೋಪಯೋಗಿ ಇಲಾಖೆಗೆ, ಹುಲ್ಲುಗಾವಲು ಅರಣ್ಯ ಇಲಾಖೆಗೆ, ಹೋಂಸ್ಟೇ ಪ್ರವಾಸೋದ್ಯಮಕ್ಕೆ, ನಲ್ಲಿ ನಗರಸಭೆಗೆ, ತೋಟದ ದಾರಿ ಗ್ರಾಮ ಪಂಚಾಯಿತಿಗೆ. ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸ ನೆಟ್ಟಗೆ ಮಾಡಿದರೂ ಎತ್ತು ಏರಿಗೆ, ಕೋಣ ನೀರಿಗೆ. ಹಾಗಂತ ಹೊಸ ಪ್ರಾಧಿಕಾರ ಬೇಕು ಅಂತ ನಾನು ಹೇಳುವುದಿಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗಲೇ ಜಿಲ್ಲಾ ಯೋಜನಾ ಸಮಿತಿ ಅನ್ನುವುದನ್ನು ಕೊಟ್ಟಿದೆ. ಪಂಚಾಯಿತಿಗಳ ಮತ್ತು ನಗರಸಭೆಗಳ ಯೋಜನೆಗಳನ್ನು ಒಂದುಗೂಡಿಸುವುದು ಅದರ ಕೆಲಸ. ನೀರಿನ ಹಂಚಿಕೆ, ಪರಿಸರ ರಕ್ಷಣೆ ಎರಡನ್ನೂ ಗಮನದಲ್ಲಿಟ್ಟುಕೊಳ್ಳಬೇಕು ಅಂತ 243 ಝಡ್‌ಡಿ ವಿಧಿಯಲ್ಲೇ ಬರೆದಿದೆ. ಬೆಟ್ಟ ಮತ್ತು ನಲ್ಲಿ ಒಂದೇ ಮೇಜಿನ ಮೇಲೆ ಬರಬೇಕಾದ ಜಾಗ ಅದು. ಆ ಮೇಜಿಗೆ ಜನ ಪ್ರಶ್ನೆ ತೆಗೆದುಕೊಂಡು ಹೋಗಬೇಕು.

ಅದಕ್ಕೂ ಮೊದಲು, ದುಡ್ಡೇ ಬೇಡದ ಒಂದು ಕೆಲಸ ಇದೆ. ಸಿಸ್ಟಮ್ಸ್ ವಿದ್ಯೆಯನ್ನು ಜನರ ಮಾತಿಗೆ ಇಳಿಸಿದ ಡೊನೆಲ್ಲಾ ಮೆಡೋಸ್ ನೆದರ್‌ಲ್ಯಾಂಡ್ಸ್‌ನ ಒಂದು ಬಡಾವಣೆಯ ಕಥೆ ಹೇಳುತ್ತಿದ್ದರು. ಮನೆಗಳೆಲ್ಲ ಒಂದೇ ಥರ. ಕೆಲವು ಮನೆಗಳಲ್ಲಿ ಮಾತ್ರ ಕರೆಂಟ್ ಮೀಟರ್ ನೆಲಮಾಳಿಗೆಯ ಬದಲು ಮುಂಬಾಗಿಲ ಹತ್ತಿರ ಇತ್ತು. ಆ ಮನೆಗಳಲ್ಲಿ ಕರೆಂಟ್ ಖರ್ಚು ಮೂರನೇ ಒಂದು ಭಾಗದಷ್ಟು ಕಡಿಮೆಯಂತೆ. ದರ ಏರಿಸಲಿಲ್ಲ, ದಂಡ ಹಾಕಲಿಲ್ಲ. ಮೀಟರ್ ಕಣ್ಣಿಗೆ ಬೀಳುತ್ತಿತ್ತು, ಅಷ್ಟೇ. ನಮ್ಮೂರಿಗೂ ಅಂಥ ಮೀಟರ್ ಬೇಕು. ಹಿರೇಕೊಳಲೆಯಲ್ಲಿ ಮತ್ತು ಯಗಚಿಯಲ್ಲಿ ಇವತ್ತು ಎಷ್ಟು ಅಡಿ ನೀರಿದೆ ಅಂತ ಆಜಾದ್ ಪಾರ್ಕ್ ವೃತ್ತದಲ್ಲಿ ಒಂದು ಬೋರ್ಡು. ಅದನ್ನು ಬೆಂಗಳೂರಿಂದ ಬಂದವರೂ ಓದಲಿ, ನಾವೂ ಓದೋಣ. ಕೈಮರ ದಾಟಿದ ಗಾಡಿಗಳ ಸಂಖ್ಯೆ, ದೇವರಮನೆಯ ಕಡೆ ಹೋದವುಗಳ ಸಂಖ್ಯೆ, ವಾರಕ್ಕೊಮ್ಮೆ ನಗರಸಭೆಯ ಗೋಡೆ ಮೇಲೆ. ಕಾಫಿ ನರ್ಸರಿಗಳಿಂದ ಎಷ್ಟು ಸಸಿ ಹೊರಟವು ಅನ್ನುವುದು ಬೆಳೆಗಾರರ ಸಂಘಗಳ ಕೈಯಲ್ಲಿ.

ಗಿರಿಯ ವಿಷಯದಲ್ಲಿ ನನ್ನ ಆಸೆ ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ. ಕೈಮರದ ಕೆಳಗೇ ಸ್ವಂತ ಗಾಡಿ ನಿಲ್ಲಿಸಿ, ಅಲ್ಲಿಂದ ಮೇಲಕ್ಕೆ ಸಣ್ಣ ಬಸ್ಸು ಮತ್ತು ಸ್ಥಳೀಯರ ಜೀಪುಗಳಲ್ಲಿ ಮಾತ್ರ ಹೋಗುವ ವ್ಯವಸ್ಥೆ. ಜೀಪಿನವರನ್ನು ಹೊರಗಿಟ್ಟು ಮಾಡಿದರೆ ಅದು ನಿಲ್ಲುವುದಿಲ್ಲ. ಹೊಟ್ಟೆಪಾಡು ಹೋದವರು ಸುಮ್ನೆ ಕೂರುವುದಿಲ್ಲ, ಕೂರಲೂ ಬಾರದು. ಅವರ ಸಂಘದವರ ಜೊತೆ ಕೂತು ಸರದಿ ಮತ್ತು ದರ ಗೊತ್ತು ಮಾಡಬೇಕು. ಆ ದಾರಿಯ ಊರಿನವರಿಗೆ, ಆಂಬುಲೆನ್ಸಿಗೆ, ಕೊಯ್ಲಿನ ಕಾಲದಲ್ಲಿ ಕಾಫಿ ಲಾರಿಗೆ ಮೊದಲ ಹಕ್ಕು ಇರಬೇಕು. ಮೊದಲಿಗೆ ಶನಿವಾರ, ಭಾನುವಾರಕ್ಕಷ್ಟೇ ಶುರು ಮಾಡಬಹುದು. ಒಂದು ಮಳೆಗಾಲ, ಒಂದು ಬೇಸಿಗೆ ನಡೆಸಿ, ಗೋಡೆ ಮೇಲಿನ ಆ ಸಂಖ್ಯೆಗಳನ್ನು ಪಕ್ಕದಲ್ಲಿಟ್ಟುಕೊಂಡು ಸರದಿ ಬದಲಿಸಬೇಕೋ, ದರ ಬದಲಿಸಬೇಕೋ, ಬಸ್ಸು ಹೆಚ್ಚಿಸಬೇಕೋ ಅಂತ ಜೀಪಿನವರು, ಹೋಂಸ್ಟೇಯವರು, ದಾರಿಯ ಊರಿನವರು ಒಟ್ಟಿಗೆ ಕೂತು ತೀರ್ಮಾನ ಮಾಡಲಿ. ಅದರ ಲೆಕ್ಕ ಬರೆದುಕೊಡಲು ನಾನು ಸಿದ್ಧ.